ಸ್ವರದ ಕುಡಿಕೆ

ಉಳಿಯ ಏಟಿಗೆ ಹಳೇ ಗಾರೆ ಉದುರಿ, ಚರ್ಚಿನ ಗೋಡೆಯೊಳಗೆ ಒಂದು ಮಣ್ಣಿನ ಕುಡಿಕೆಯ ಬಾಯಿ ಕಂಡಿತು. ಏಣಿಯ ಮೇಲಿದ್ದ ಮುದಿ ಗಾರೆಯವ ಜಖಾರ್ ಕಣ್ಣರಳಿಸಿದ. "ಉಸ್ತೀನ್ಯಾ, ಕುಡಿಕೆ ಕಣೇ! ಹಿಂದೆ ನಮ್ಮ ಪ್ಸ್ಕೋವ್ ಪಟ್ಟಣಕ್ಕೆ ಮುತ್ತಿಗೆ ಬಿದ್ದಾಗ ಯಾರೋ ಬೆಳ್ಳಿ ಬಚ್ಚಿಟ್ಟಿರಬೇಕು."

"ಹಾಗಾದ್ರೆ ಕೈ ಹಾಕು ಮಾರಾಯ, ಬಾಯಿ ಬಿಟ್ಕೊಂಡು ಯಾಕೆ ನಿಂತಿದ್ದೀಯ!" ಕೆಳಗೆ ನೆಲಕ್ಕಂಟಿದ ಮೇಣ ಕೆರೆಯುತ್ತಿದ್ದ ಅವನ ಹೆಂಡತಿ ಏಣಿಯ ಬುಡಕ್ಕೇ ಬಂದಳು.

ಅವನು ಮೊಣಕೈವರೆಗೂ ಕೈ ತೂರಿಸಿದ. ಮೆತ್ತಗಿನದೇನೋ ಸಿಕ್ಕಿತು. ಎಳೆದರೆ ಕೆಂಪು ಉಣ್ಣೆಯ ಕೈಗವಸು, ಹೆಬ್ಬೆರಳಿಗೆ ಹಸಿರು ನೂಲು. ಅದು ಜಾರಿ ಉಸ್ತೀನ್ಯಳ ಕಾಲ ಬಳಿ ಬಿತ್ತು.

"ಇದು ಮದುವೆಯಾದ ವರ್ಷ ನಾನು ಹೆಣೆದದ್ದು! ಹೊಳೆಗೆ ಬಿತ್ತು ಅಂತ ನೀನು ಅಂದಿದ್ದೆಯಲ್ಲ?"

ಜಖಾರ್ ತಲೆ ಕೆರೆದುಕೊಂಡ. "ಈಗ ನೆನಪಾಯ್ತು. ಆ ಚಳಿಗಾಲ... ಈ ತೂತುಗಳಿಂದ ಗಾಳಿ ನುಗ್ತಿದೆ ಅಂದ್ಕೊಂಡು, ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿ ಗಾರೆ ಮೆತ್ತಿಬಿಟ್ಟೆ."

"ಗಾಳಿ ತೂತಾ? ಹಾಡಿದ್ದು ಮೊಳಗಲಿ ಅಂತ ಹಿರಿಯರು ಗೋಡೆಯಲ್ಲಿಟ್ಟ ಸ್ವರದ ಕುಡಿಕೆಗಳು ಕಣೋ ಇವು! ಗಾರೆಯವನಂತೆ, ಗಾರೆಯವ!" ಉಸ್ತೀನ್ಯ ಬಗ್ಗಿ ಕೈಗವಸನ್ನು ಎತ್ತಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ಮದುವೆಯಾದದ್ದೇ ನನ್ನ ಸ್ವರ ಸತ್ತುಹೋಯ್ತು ಅಂತ ನೀನು ಊರಿಗೆಲ್ಲ ಹೇಳ್ಕೊಂಡು ನಗ್ತಿದ್ದೆ. ನಾನೂ ನಂಬಿ ಇಲ್ಲಿ ಹಾಡೋದೇ ಬಿಟ್ಟೆ."

ಅವಳು ಕೈಗವಸು ತೊಟ್ಟು ಬೆರಳಾಡಿಸಿ ನೋಡಿದಳು. "ಇದರ ಜೋಡಿ ಯಾವ ಗೋಡೆಯಲ್ಲಿದೆ?"

ಜಖಾರ್ ತೆಪ್ಪಗೆ ಇಳಿದು, ಏಣಿಯನ್ನು ಎದುರು ಗೋಡೆಗೆ ಹೊತ್ತೊಯ್ದ. ಹಿಂದೆ ಉಸ್ತೀನ್ಯ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.