ಏಳನೇ ತಿಂಗಳಲ್ಲಿ ಕಳುಹಿಸಿದ್ದು

“ಏಳು ತಿಂಗಳ ಬಸುರಿ ಹೆಂಡತಿಯನ್ನು ತಾನೇ ಮನೆಯಿಂದ ಕಳುಹಿಸಿದ್ದಾಗಿ ಆರೋಪಿ ನಗುತ್ತ ಹೇಳಿದ. ಪಶ್ಚಾತ್ತಾಪದ ಸುಳಿವೂ ಇಲ್ಲ.” ಶಿಕ್ಷೆಗೆ ಮುನ್ನ ಆರೋಪಿಯ ನಡತೆ ವಿಚಾರಿಸುವ ಪ್ರೊಬೇಷನ್ ಆಫೀಸರಳ ವರದಿಯನ್ನು ವಕೀಲೆ ಕಲ್ಯಾಣಿ ಕನ್ನಡದಲ್ಲಿ ಓದಿ ಹೇಳಿದಾಗ ಶೀನಪ್ಪ ಅದನ್ನು ಇನ್ನೊಮ್ಮೆ ಓದಿಸಿದ.

ಲಂಡನ್ನಿನ ಫೆಲ್ಥಮ್ಮಿನಲ್ಲಿ ತಾನು ಅಡುಗೆ ಮಾಡುವ ಹೋಟೆಲಿನಲ್ಲಿ ಕುಡಿದು ಪ್ಲೇಟು ಎಸೆದವನ ಭುಜಕ್ಕೆ ದೋಸೆಯ ಸಟ್ಟುಗದಿಂದ ಒಂದು ಬಿಗಿದದ್ದು ನಿಜ. ಕೋರ್ಟಿನಲ್ಲಿ ಅದನ್ನು ಒಪ್ಪಿಕೊಂಡೂ ಇದ್ದ. ಬುದ್ಧಿ ಹೇಳಿ ಬಿಡುತ್ತಾರೆ ಅಂದುಕೊಂಡರೆ, ಈ ವರದಿ ನೋಡಿ ಎರಡು ತಿಂಗಳು ಜೈಲು ಅಂದಿದ್ದರು. ಅಪೀಲು ಮುಗಿಯುವವರೆಗೆ ಜಾಮೀನು ಸಿಕ್ಕಿದ್ದೇ ಪುಣ್ಯ.

ಹೇಳಿದ್ದೇನೋ ಹೌದು. ಹೆಂಡತಿ ಎಲ್ಲಿ ಎಂದು ಆಫೀಸರ್ ಕೇಳಿದಾಗ, ಏಳು ತುಂಬಿತು, ನಾನೇ ಕಳುಹಿಸಿದೆ ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದ್ದ. ಎಲ್ಲಿಗೆ ಎಂದು ಹೇಳಿರಲಿಲ್ಲ. ಏಳನೇ ತಿಂಗಳಲ್ಲಿ ಎಲ್ಲಿಗೆ ಕಳುಹಿಸುತ್ತಾರೆಂದು ಯಾರಿಗೆ ತಾನೇ ಗೊತ್ತಿಲ್ಲ?

ಅಪೀಲಿನ ಹಿಂದಿನ ದಿನ ಸುಜಾತಾ ಮೂರು ತಿಂಗಳ ಮಗುವಿನೊಂದಿಗೆ ಕುಂದಾಪುರದಿಂದ ಬಂದಿಳಿದಳು. “ನೀವ್ ಅವ್ರ ಹತ್ರ ಎಂತ ಹೇಳ್ದ್ರಿ?” ಎಂದು ಹೀಥ್ರೂನಿಂದ ಮನೆಯವರೆಗೂ ಗಂಡನಿಗೆ ಮಂಗಳಾರತಿ ಮಾಡಿದಳು. ಶೀನಪ್ಪ ಮಗುವಿನ ಮುಖ ನೋಡುತ್ತ ಎಲ್ಲಕ್ಕೂ ಹೂಂಗುಟ್ಟಿದ. ಇದನ್ನು ಬಿಟ್ಟು ಎರಡು ತಿಂಗಳು ಒಳಗಿರುವುದು ಹೇಗೆ?

ಮರುದಿನ ಕೋರ್ಟಿನಲ್ಲಿ, ನಿಮ್ಮ ಗಂಡ ನಿಮ್ಮನ್ನು ಹೊರಗೆ ಹಾಕಿದನೇ ಎಂದು ಜಡ್ಜ್ ಸುಜಾತಾಳನ್ನು ಕೇಳಿದರು.

“ಚೊಚ್ಚಲ ಬಾಣಂತನ ಅಪ್ಪಯ್ಯನ ಮನೆಯಲ್ಲೇ ಆಯ್ಕ್, ಅದೇ ಪದ್ಧತಿ. ಇವ್ರ್ ಕಳ್ಸದಿದ್ರೆ ಅಪ್ಪಯ್ಯನೇ ಇವ್ರ ಮೇಲೆ ಕೇಸ್ ಹಾಕ್ತಿದ್ರ್” ಎಂದಳು ಸುಜಾತಾ. ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ತಾನೇ ನಕ್ಕುಬಿಟ್ಟ. ಆಮೇಲೆ ಜಡ್ಜೂ ನಕ್ಕರು. ವರದಿಯ ಆ ಮಾತು ಹೋಯಿತು, ಜೈಲೂ ಹೋಯಿತು. ಅದರ ಬದಲು ವೃದ್ಧರ ಕೇಂದ್ರದ ಅಡುಗೆಮನೆಯಲ್ಲಿ ಎಂಬತ್ತು ಗಂಟೆ ಸೇವೆ. ಅಡುಗೆಯವನಿಗೆ ಅದೂ ಒಂದು ಶಿಕ್ಷೆಯೇ?

ಹೊರಗೆ ಪ್ರೊಬೇಷನ್ ಆಫೀಸರ್ ಕಾದು ನಿಂತಿದ್ದಳು. ನಾಲ್ಕು ತಿಂಗಳ ಹಿಂದೆ ಕಾಣದಿದ್ದ ಹೊಟ್ಟೆ ಈಗ ಕೋಟಿನ ಗುಂಡಿ ಹಾಕಲು ಬಿಡುತ್ತಿರಲಿಲ್ಲ. ಶೀನಪ್ಪನ ಕ್ಷಮೆ ಕೇಳಿ, ಅಷ್ಟು ದಿನ ಅಮ್ಮನ ಮನೆಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಸುಜಾತಾಳನ್ನು ವಿಚಾರಿಸಿದಳು. ಎಣ್ಣೆ ಸ್ನಾನ, ಊಟ, ನಿದ್ದೆ, ಅಮ್ಮ ಒಂದು ಲೋಟ ಎತ್ತಲೂ ಬಿಡಲಿಲ್ಲ ಎಂಬ ಉತ್ತರವನ್ನು ಕಲ್ಯಾಣಿ ಇಂಗ್ಲಿಷಿನಲ್ಲಿ ತಿಳಿಸಿದಳು.

ಆಫೀಸರ್ ಕಂಕುಳಲ್ಲಿದ್ದ ಫೈಲುಗಳ ಕಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

“ನನಗೂ ಏಳು ತಿಂಗಳು. ನನ್ನನ್ನು ಯಾರೂ ಕಳುಹಿಸಲಿಲ್ಲ” ಎಂದಳು.