ಹಿಡಿಕೆಯೊಳಗೆ ಬಚ್ಚಿಟ್ಟದ್ದು

ಫೋನು ಹಿಡಿದು ತಮ್ಮ ಹೊರಗೆ ಹೋದದ್ದೇ ತಡ, ಅಕ್ಕ ಯಂತ್ರದ ತೋಳನ್ನು ಆಡಿಸುವ ಹಿಡಿಕೆಯ ತಿರುಪು ಬಿಚ್ಚಿದಳು. ಅವಳ ಅನುಮಾನ ಸುಳ್ಳಾಗಲಿಲ್ಲ. ಒಳಗೆ ಉಗುರಿನಷ್ಟು ದೊಡ್ಡ ಚಿಪ್ ಒಂದು ಕೂತಿತ್ತು. ಇಬ್ಬರೂ ಒಪ್ಪಿದ ನಕ್ಷೆಯಲ್ಲಿ ಅದು ಇರಲೇ ಇಲ್ಲ.

ಆ ತೋಳು ಅವರಿಬ್ಬರು ಶಸ್ತ್ರಚಿಕಿತ್ಸೆಗೆಂದು ಮೂರು ವರ್ಷದಿಂದ ಕಟ್ಟುತ್ತಿದ್ದದ್ದು. ವೈದ್ಯರು ಇಲ್ಲಿ ಹಿಡಿಕೆ ಆಡಿಸಿದರೆ ಅಲ್ಲಿ ತೋಳು ಹಾಗೆಯೇ ಆಡಬೇಕು. ಲೋಹದ ಮೈ ಅಕ್ಕನದು, ಒಳಗಿನ ಸರ್ಕೀಟು ತಮ್ಮನದು. ಮೈ ತೆಳುವಾದರೆ ಸರ್ಕೀಟು ಬಿಸಿಯೇರುತ್ತದೆ. ಸರ್ಕೀಟು ಹಿಗ್ಗಿದರೆ ಮೈ ಭಾರವಾಗುತ್ತದೆ. ಅದಕ್ಕೇ, ಒಬ್ಬರಿಗೆ ಹೇಳದೆ ಇನ್ನೊಬ್ಬರು ಕೂದಲೆಳೆಯಷ್ಟೂ ಬದಲಿಸಬಾರದೆಂದು ಮೊದಲ ದಿನವೇ ಮಾತಾಗಿತ್ತು.

ಆ ಮಾತನ್ನು ಅವನು ಮುರಿದಿದ್ದ.

ಎರಡು ತಿಂಗಳಿಂದ ತೋಳಿನ ತುದಿ ಅದುರುತ್ತಿತ್ತು. ಅವಳು ಕೀಲುಗಳನ್ನು ಮೂರು ಸಲ ಹೊಸದಾಗಿ ಮಾಡಿದಳು. “ನಿನ್ನ ಸರ್ಕೀಟನ್ನೂ ಒಂದ್ಸಲ ನೋಡೋ” ಅಂದರೆ, “ನೋಡ್ತೀನಿ ಬಿಡಕ್ಕ” ಎಂದು ಜಾರಿಕೊಳ್ಳುತ್ತಿದ್ದ. ಅವಳು ಹತ್ತಿರ ಬಂದರೆ ಕಂಪ್ಯೂಟರಿನ ಪರದೆ ಆರಿಸುತ್ತಿದ್ದ. ಸಣ್ಣ ತಿರುಪಿನ ಕೆಲಸವನ್ನೆಲ್ಲ ಅವಳಿಂದ ಕಿತ್ತುಕೊಂಡಿದ್ದ. ಚಹಾ ತಂದರೂ ಅವಳಿಗೆ ಅರ್ಧವೇ ಲೋಟ! ಬೇರೆ ಕಂಪನಿಯವರು ಯಾರೋ ಇವನ ತಲೆ ಕೆಡಿಸಿದ್ದಾರೆ, ತನ್ನನ್ನು ಮೆಲ್ಲಗೆ ಬದಿಗೆ ತಳ್ಳುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ನಾಡಿದ್ದು ಆಸ್ಪತ್ರೆಯವರೆದುರು ಪರೀಕ್ಷೆ ಬೇರೆ.

ಬಾಗಿಲು ಸದ್ದಾಯಿತು. ಬಿಚ್ಚಿದ ಹಿಡಿಕೆ ಕಂಡು ತಮ್ಮ ಹೊಸ್ತಿಲಲ್ಲೇ ನಿಂತ.

“ಯಾರ ಹತ್ರ ಮಾತಾಡ್ತಿದ್ದೆ?”

“ಡಾಕ್ಟರ ಹತ್ರ.”

“ನನ್ನ ಬಿಟ್ಟು ಅವರ ಹತ್ರ ಏನೋ ನಿಂದು ಗುಟ್ಟು?” ಚಿಪ್ ತೆಗೆದು ಮೇಜಿನ ಮೇಲೆ ಕುಕ್ಕಿದಳು. “ಎಷ್ಟು ದಿನದಿಂದ ನನ್ನ ಕಣ್ಣಿಗೆ ಮಣ್ಣೆರಚ್ತಿದೀಯಾ?”

“ಆರು ವಾರ.” ಅವನ ಮುಖ ಇಳಿದುಹೋಗಿತ್ತು. “ಹೇಳೋಕೆ ಬಾಯಿ ಬರ್ಲಿಲ್ಲ, ಅಕ್ಕ.”

“ನಿನ್ನ ಎತ್ತಿ ಆಡಿಸಿದವಳು ನಾನು. ನನ್ನ ಹತ್ರ ಹೇಳೋಕೆ ಆಗ್ಲಿಲ್ವಾ?”

ಅವನು ಪರದೆ ತೆರೆದ. ಅಲ್ಲಿ ಎರಡು ಗೆರೆಗಳಿದ್ದವು. “ಇದು ನಾನು ಹಿಡಿಕೆ ಹಿಡಿದಾಗ ಆ ಚಿಪ್ ಬರೆದದ್ದು.” ದಾರ ಎಳೆದಷ್ಟು ನೇರವಾಗಿತ್ತು. “ಇದು ನೀನು ಹಿಡಿದಾಗ.” ಉದ್ದಕ್ಕೂ ಗರಗಸದ ಹಲ್ಲು.

ಅವಳು ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅವಳ ಬಲಗೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡ.

“ನರರೋಗದ ಡಾಕ್ಟರು ನಾಳೆ ಬೆಳಿಗ್ಗೆ ಬನ್ನಿ ಅಂದಿದಾರೆ. ತೋಳಿಗೇನೂ ಆಗಿಲ್ಲ ಅಕ್ಕ, ನಡುಗ್ತಿರೋದು ನಿನ್ನ ಕೈ.”