ಡಾಕ್ಟರ್ ಇಂದುಮತಿಯ ಮೂರನೆಯ ಬಿಡುಗಡೆ

ಮರುಬಿಡುಗಡೆಯಾದ ಧಾರಾವಾಹಿಯ ಪಾತ್ರಗಳಿಗೆ ಹಿಂದಿನ ಬಿಡುಗಡೆ ನೆನಪಿರುತ್ತದೆ. ಹಾಗಾಗಿ ಹುಬ್ಬಳ್ಳಿಯ ವಿಡಿಯೊ ಕಂಪನಿಯಲ್ಲಿ ಪಾತ್ರಗಳು ಏನಾದರೂ ಬದಲಿಸಿವೆಯೇ ಎಂದು ಹಳೆಯ, ಹೊಸ ಪ್ರತಿಗಳನ್ನು ಹೋಲಿಸಿ ನೋಡುವುದೇ ಶಶಿಕಲಾಳ ಕೆಲಸ. ‘ಏಳನೇ ನೌಕೆ’ ಧಾರಾವಾಹಿಯ ಒಂಬತ್ತನೆಯ ಕಂತಿನಲ್ಲಿ ಡಾಕ್ಟರ್ ಇಂದುಮತಿ ಅಂತರಿಕ್ಷನೌಕೆಯ ಹೊರಬಾಗಿಲು ತೆರೆದು ಸಾಯಬೇಕಿತ್ತು. ಕ್ಯಾಸೆಟ್ಟಿನಲ್ಲಿ ಓಡಿಹೋಗಿ ತೆರೆದಿದ್ದಳು, ಸೀಡಿಯಲ್ಲಿ ಅಳುತ್ತ ತೆರೆದಿದ್ದಳು. ಹೊಸ ಡಿಸ್ಕಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕುಳಿತು, ಉಳಿದ ನಾಲ್ಕು ನಿಮಿಷ ಹಾಯಾಗಿ ಶೇಂಗಾ ತಿಂದಳು.

“ಆಕಿ ಸಾಯಲಿಲ್ಲಂದ್ರ ಮಂದಿ ಏನ್ ನೋಡಬೇಕ್ರೀ? ದೋಷ ಐತಿ ಅಂತ ಬರೀರಿ, ಅಳಿಸಿಬಿಡೋಣ,” ಎಂದರು ಮಾಲೀಕ ಕುಬಸದ ಅವರು.

ಶಶಿಕಲಾ ತನ್ನ ಹಳೆಯ ವರದಿಗಳನ್ನು ತೆಗೆದು ಇನ್ನೊಮ್ಮೆ ಓದಿದಳು.

“ಸರ್, ಆಕಿ ಎರಡು ಸಲ ಸತ್ತಾಗೂ ದೋಷ ಇಲ್ಲಂತ ಬರದಾಕಿ ನಾನ. ಈಗ ಬದುಕಿದ್ದು ದೋಷ ಹೆಂಗಾಗ್ತೈತ್ರೀ?”

ಮಾಲೀಕರು ಬಾಯಿ ತೆರೆಯುವ ಮೊದಲೇ ಅವಳು ‘ದೋಷವಿಲ್ಲ’ ಎಂದು ಬರೆದು ಸಹಿ ಹಾಕಿ, ಡಿಸ್ಕನ್ನು ಮಾರಾಟದ ಪೆಟ್ಟಿಗೆಗೆ ಹಾಕಿದಳು.